ಯಾರನ್ನು ಕೇಳಿ ಕೊಂಡಿರಿ?



ಮನೆಗೊಂದು ವಸ್ತುವನ್ನು ತರುವ ಮೊದಲು ಮನುಷ್ಯನು ಏನೇನನ್ನು ಮನಸ್ಸಿನಲ್ಲಿ ತೂಗಿ ನೋಡುತ್ತಾನೆ, ಯಾರ ಮಾತಿಗೆ ಕಿವಿಗೊಡುತ್ತಾನೆ, ಯಾವ ಗಳಿಗೆಯಲ್ಲಿ ‘ಆಯಿತು, ಇದನ್ನೇ ಕೊಡಿ’ ಎಂದುಬಿಡುತ್ತಾನೆ ಎಂಬುದು ಅರ್ಥಶಾಸ್ತ್ರಜ್ಞರಿಗೆ ಎಷ್ಟು ಕುತೂಹಲದ ವಿಷಯವೋ ನಮ್ಮಂಥ ಸಾಮಾನ್ಯರಿಗೂ ಅಷ್ಟೇ ಕುತೂಹಲದ ವಿಷಯ. ಈ ದಿನ ನಾನು ಒಂದೇ ವಸ್ತುವನ್ನು ಕುರಿತು ಮಾತನಾಡುತ್ತೇನೆ. ಅದು ಸ್ಮಾರ್ಟ್‌ಫೋನು. ನಮ್ಮ ಹಳ್ಳಿಗಳಲ್ಲಿ ಅದನ್ನು ಟಚ್ ಫೋನು ಎನ್ನುತ್ತಾರೆ. ಹಿರಿಯರು ದೊಡ್ಡ ಫೋನು ಎನ್ನುವುದೂ ಉಂಟು. ನನ್ನ ದೃಷ್ಟಿಯೂ ಒಂದೇ ಸೀಮೆಯ ಮೇಲಿದೆ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ನೂರಾರು ಬಗೆಯ ಫೋನುಗಳಿರುವಾಗ ಇಲ್ಲಿಯ ಜನ ಯಾವುದನ್ನು ಕೊಳ್ಳಬೇಕೆಂದು ಹೇಗೆ ನಿಶ್ಚಯಿಸುತ್ತಾರೆ?

ಗ್ರಾಹಕನು ಪೇಟೆಯಲ್ಲಿರುವ ಸಮಸ್ತ ಮಾದರಿಗಳನ್ನು ಪರಿಶೀಲಿಸಿ, ಬೆಲೆಯನ್ನೂ ಗುಣವನ್ನೂ ಹೋಲಿಸಿ, ತನಗೆ ಅತ್ಯಂತ ಹಿತವಾದುದನ್ನು ಆರಿಸುತ್ತಾನೆ ಎಂದು ಹಳೆಯ ಅರ್ಥಶಾಸ್ತ್ರ ಹೇಳುತ್ತಿತ್ತು. ಅಂಥ ಮನುಷ್ಯನು ಲೋಕದಲ್ಲಿ ಎಲ್ಲಿಯೂ ಇಲ್ಲವೆಂದು 1950ರ ದಶಕದಲ್ಲಿ ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸರು ವಾದಿಸಿದರು. ಮನುಷ್ಯನ ಬುದ್ಧಿಗೂ ಕಾಲಕ್ಕೂ ಮಿತಿಯಿರುವುದರಿಂದ ಆತನು ಸರ್ವೋತ್ತಮವಾದುದನ್ನು ಹುಡುಕುತ್ತ ಕೂರದೆ, ಸಾಕೆನ್ನಿಸುವಂಥದು ಸಿಕ್ಕೊಡನೆ ಹುಡುಕಾಟವನ್ನು ನಿಲ್ಲಿಸುತ್ತಾನೆ ಎಂಬುದು ಅವರ ಸಿದ್ಧಾಂತ. 1978ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಸಿದ್ಧಾಂತವೇನೋ ಸರಿ. ಆದರೆ ಸಾಕೆಂದು ಹೇಳುವವರಾರು? ನಮ್ಮ ಸೀಮೆಯಲ್ಲಿ ಕೊಳ್ಳುವವನೇ ಹಾಗೆ ಹೇಳುವುದು ಅಪೂರ್ವ. ಬೇರೊಬ್ಬರು ಹೇಳಬೇಕು.

ಯಲಬುರ್ಗಾದ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ಅಂಗಡಿಯನ್ನು ಕಲ್ಪಿಸಿಕೊಳ್ಳಿ. ಇಬ್ಬರು ನಿಂತರೆ ಮೂರನೆಯವನು ಹೊರಗೆ ನಿಲ್ಲಬೇಕು, ಅಷ್ಟು ಇಕ್ಕಟ್ಟು. ಮುಂದೆ ಗಾಜಿನ ಪೆಟ್ಟಿಗೆ, ಮೇಲೆ ಗೊಂಚಲು ಗೊಂಚಲಾಗಿ ತೂಗುವ ಕವರುಗಳು, ಒಳಮೂಲೆಯಲ್ಲಿ ಒಡೆದ ಡಿಸ್‌ಪ್ಲೇ ಬಿಚ್ಚುತ್ತ ತಲೆತಗ್ಗಿಸಿ ಕುಳಿತ ರಿಪೇರಿಯ ಹುಡುಗ. ಅಲ್ಲಿ ಇಂಥದೊಂದು ಮಾತುಕತೆ ಯಾವ ದಿನವಾದರೂ ಕೇಳಿಬಂದೀತು.

“ಎಷ್ಟರೊಳಗ ನೋಡ್ತೀರಿ, ಕಾಕಾ?”

“ಹತ್ತು ಸಾವಿರದೊಳಗ. ನಮ್ಮ ಅಳಿಯನ ಹತ್ರ ಐತಲ್ಲ, ಅಂಥದ್ದ ಬೇಕು.”

“ಅದು ಹಳೇ ಮಾಡೆಲ್ ಆತ್ರಿ. ಇದು ಅದಕ್ಕಿಂತ ಛಲೋ ಐತಿ.”

“ಛಲೋ ಇರಲಿ ಬಿಡು. ಏನರ ಆದ್ರ ನಿನ್ನ ಕೇಳಾಕ ನಾ ದಿನಾ ಬಸ್ ಹತ್ತಿ ಬರಲೇನು? ಅಳಿಯ ಮನಿಯಾಗ ಅದಾನ.”

ಕೇಳುಗರೇ, ಈ ಕಾಕನ ಮಾತನ್ನು ಅಜ್ಞಾನವೆಂದು ನಗುವವರಿದ್ದಾರೆ. ಪಟ್ಟಣದ ವಿದ್ಯಾವಂತರು, ಹಳ್ಳಿಯವರು ಒಬ್ಬನು ಕೊಂಡದ್ದನ್ನೇ ಎಲ್ಲರೂ ಕೊಳ್ಳುತ್ತಾರೆ, ಸ್ವಂತ ವಿಚಾರವಿಲ್ಲ ಎಂದು ಹಗುರವಾಗಿ ಆಡುವುದನ್ನು ನಾನು ಕೇಳಿದ್ದೇನೆ. ಆ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಕಾಕನು ಕೊಳ್ಳುತ್ತಿರುವುದು ಯಂತ್ರವೊಂದನ್ನೇ ಅಲ್ಲ. ಯಂತ್ರವು ಕೈಕೊಟ್ಟಾಗ ಕೇಳಲು ಒಬ್ಬ ಮನುಷ್ಯನನ್ನೂ ಅದರೊಡನೆ ಪಡೆಯುತ್ತಿದ್ದಾನೆ. ಅಕ್ಷರ ಚಿಕ್ಕದಾದಾಗ ದೊಡ್ಡದು ಮಾಡುವುದು, ಮುಚ್ಚಿಹೋದ ಸದ್ದನ್ನು ಮರಳಿ ತರುವುದು, ಓ.ಟಿ.ಪಿ. ಎಲ್ಲಿ ಬಂದಿದೆಯೆಂದು ಹುಡುಕಿಕೊಡುವುದು, ಇವೆಲ್ಲ ಒಂದೇ ಮಾದರಿಯ ಫೋನು ಬಳಸುವ ಅಳಿಯನಿಗೆ ಕಣ್ಣುಮುಚ್ಚಿ ಬರುತ್ತವೆ. ಕಂಪನಿಯವರು ಡಬ್ಬಿಯೊಳಗೆ ಇಡುವ ಕೈಪಿಡಿ ಕಾಕನಿಗೆ ನಿರುಪಯೋಗಿ; ಅವನ ಕೈಪಿಡಿ ಅಳಿಯ.

ಇದು ನಮ್ಮಲ್ಲಿಯ ರೀತಿ ಮಾತ್ರವಲ್ಲ. 1943ರಲ್ಲಿ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು ಅಮೆರಿಕದ ಅಯೋವಾ ಪ್ರಾಂತ್ಯದ ಸುಮಾರು 250 ರೈತರು ಹೊಸದಾಗಿ ಬಂದ ಹೈಬ್ರಿಡ್ ಗೋವಿನಜೋಳದ ಬೀಜವನ್ನು ಹೇಗೆ ಒಪ್ಪಿಕೊಂಡರೆಂಬುದನ್ನು ಪ್ರಕಟಿಸಿದರು. ಹೊಸ ಬೀಜದ ಸುದ್ದಿಯನ್ನು ರೈತರಿಗೆ ಮೊದಲು ಮುಟ್ಟಿಸಿದವರಲ್ಲಿ ಬೀಜ ಮಾರುವವರೇ ಹೆಚ್ಚು. ಆದರೆ ಬಿತ್ತಲು ಮನಸ್ಸು ಮಾಡಿಸಿದವರು? ನೆರೆಹೊರೆಯವರು. ಮಾರುವವನಿಂದ ಸುದ್ದಿ, ಪಕ್ಕದ ಹೊಲದವನಿಂದ ನಂಬಿಕೆ. ಗಂಗಾವತಿಯ ಭತ್ತದ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಹೊಸ ತಳಿಯನ್ನು ಅವನು ಮೊದಲು ನೋಡುವುದು ಬೇರೆಯವರ ಗದ್ದೆಯಲ್ಲೇ. ಫೋನೂ ಬೀಜದಂತೆಯೇ ಪರರ ಕೈಯಲ್ಲಿ ಒಂದು ಹಂಗಾಮು ಕಳೆದು ಪರೀಕ್ಷಿತವಾದ ಮೇಲೆ ನಮ್ಮ ಮನೆಗೆ ಬರುತ್ತದೆ.

ಈ ಸತ್ಯವನ್ನು ಕೆಲವು ಕಂಪನಿಗಳೂ ಬೇಗ ಗ್ರಹಿಸಿದವು. 2014ರಲ್ಲಿ ಚೀನಾ ಮೂಲದ ಶಿಯೋಮಿ ನಮ್ಮ ದೇಶಕ್ಕೆ ಬಂದಾಗ ಅಂಗಡಿಯ ಗೋಜಿಗೇ ಹೋಗದೆ ಅಂತರ್ಜಾಲದ ಮೂಲಕ ಮಾತ್ರ ಅಗ್ಗವಾಗಿ ಮಾರಿತು. ಹೆಚ್ಚುಕಡಮೆ ಅದೇ ಕಾಲಕ್ಕೆ ಬಂದ ಒಪ್ಪೊ, ವಿವೋ ಕಂಪನಿಗಳು ವಿರುದ್ಧ ದಾರಿ ಹಿಡಿದವು. ಸಣ್ಣ ಊರುಗಳ ಅಂಗಡಿಗಳಿಗೆ ಒಂದು ಹಸಿರು ಫಲಕವನ್ನೂ ಇನ್ನೊಂದು ನೀಲಿ ಫಲಕವನ್ನೂ ಹಾಕಿಸಿಕೊಟ್ಟವು. ಅಂಗಡಿಯೊಳಗೆ ತಮ್ಮದೇ ಸಂಬಳದ ಹುಡುಗರನ್ನು ನಿಲ್ಲಿಸಿದವು. ಇಂಟರ್‌ನೆಟ್ಟಿನಲ್ಲಿ ಕೊಂಡರೆ ಹಣ ಉಳಿಯುತ್ತದೆಂದು ಗೊತ್ತಿದ್ದೂ ಫೋನನ್ನು ಕೈಯಲ್ಲಿ ಹಿಡಿದು, ತಿರುವಿ, ಒಬ್ಬ ಮನುಷ್ಯನ ಬಾಯಿಂದ ‘ಏನಾದರೂ ಆದ್ರೆ ಬರ್ರಿ, ನಾ ಅದೀನಿ’ ಎನ್ನಿಸಿಕೊಂಡು ಕೊಳ್ಳುವವರು ಅವರಿಗೆ ಬೇಕಾದಷ್ಟು ಸಿಕ್ಕರು. ಆ ಮಾತಿಗೊಂದು ಬೆಲೆಯುಂಟು. ಜನ ಅದನ್ನು ತಿಳಿದೇ ಕೊಟ್ಟರು.

ಆದರೆ ಒಂದು ಎಚ್ಚರಿಕೆ. ಸಲಹೆ ಕೊಡುವವನ ಅಗತ್ಯಗಳು ಸಲಹೆಯೊಳಗೆ ನುಸುಳುತ್ತವೆ. ಮನೆಯಲ್ಲಿ ಫೋನಿನ ವಿಷಯದ ಪರಮಾಧಿಕಾರಿ ಸಾಮಾನ್ಯವಾಗಿ ಕಾಲೇಜಿನ ಹುಡುಗ. ಅವನಿಗೆ ಬೇಕಾದದ್ದು ಆಟವಾಡುವಾಗ ಹ್ಯಾಂಗ್ ಆಗದ ಪ್ರೊಸೆಸರು, ಸೆಲ್ಫಿ ಚೆಂದ ಬರುವ ಕ್ಯಾಮೆರಾ. ಅಜ್ಜಿಗೆ ಬೇಕಾದದ್ದು ಜೋರು ಸದ್ದು, ದೊಡ್ಡ ಅಕ್ಷರ, ಕೈಯಿಂದ ಜಾರದ ಹಿಂಬದಿ. ಹುಡುಗನು ಅಜ್ಜಿಗೆಂದು ಆರಿಸಿದ ಫೋನು ಹುಡುಗನಿಗೇ ಒಪ್ಪುವಂತಿರುತ್ತದೆ. ಆರು ತಿಂಗಳಲ್ಲಿ ಅದು ಅವನ ಜೇಬು ಸೇರಿದರೆ ಆಶ್ಚರ್ಯಪಡಬೇಡಿ. ಅಂಗಡಿಯಲ್ಲಿ ನಿಂತ ಕಂಪನಿಯ ಹುಡುಗನ ವಿಷಯ ಹೇಳಲೇಬೇಕಾಗಿಲ್ಲ. ಅವನಿಗೆ ಆ ತಿಂಗಳ ಸ್ಕೀಮು ಯಾವ ಮಾಡೆಲಿನ ಮೇಲಿದೆಯೋ ಅದೇ ನಿಮಗೆ ಹೇಳಿ ಮಾಡಿಸಿದ ಫೋನು.

ಇಲ್ಲಿಯವರೆಗೆ ನಾವು ನೋಡಿದ್ದು, ಫೋನನ್ನು ಆರಿಸುವುದೆಂದರೆ ಬಹುಮಟ್ಟಿಗೆ ಕೇಳಬೇಕಾದ ವ್ಯಕ್ತಿಯನ್ನು ಆರಿಸುವುದೇ ಎಂಬ ಸಂಗತಿ. ಇನ್ನು ಕಾಲದ ಮಾತಿಗೆ ಬರೋಣ. ಎಂದು ಕೊಳ್ಳುತ್ತಾರೆ ಎಂಬುದರ ಮೇಲೆ ಯಾರನ್ನು ಕೇಳುತ್ತಾರೆ ಎಂಬುದೂ ನಿಂತಿದೆ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ, ಕಾರಟಗಿಗಳ ಕಡೆ ಭತ್ತದ ರೊಕ್ಕ ಕೈಸೇರಿದಾಗ ಮನೆಯ ದೊಡ್ಡ ಖರೀದಿಗಳೆಲ್ಲ ಒಟ್ಟಿಗೇ ಹೊರಡುತ್ತವೆ. ಹಣ ನಗದು, ಯೋಚನೆ ಕಡಮೆ, ತಮ್ಮನೂ ಮಗನೂ ಜೊತೆಗೆ ಬರುತ್ತಾರೆ. ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ನೀರಾವರಿ ಸಲಹಾ ಸಮಿತಿ ಹೇಳಿದ ವರ್ಷ ಮಗಳ ಮದುವೆಯೇ ಮುಂದಕ್ಕೆ ಹೋಗುತ್ತದೆ, ಇನ್ನು ಫೋನಿನ ಪಾಡೇನು! 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಕ್ರಸ್ಟ್ ಗೇಟು ಕೊಚ್ಚಿಹೋದ ರಾತ್ರಿಯ ಕಳವಳವನ್ನು ಆ ಭಾಗದ ಕೇಳುಗರು ಮರೆತಿರಲಾರರು.

ಕುಷ್ಟಗಿ, ಯಲಬುರ್ಗಾಗಳ ಕಥೆ ಬೇರೆ. ಅದು ಮಳೆಯನ್ನು ನಂಬಿದ ನೆಲ. ಮಳೆ ಕೈಬಿಟ್ಟರೆ ಗುಳೆ. ಬೆಂಗಳೂರು, ಮಂಗಳೂರು, ಗೋವೆಗಳ ಕಟ್ಟಡದ ಕೆಲಸಕ್ಕೆ ಗಂಡಹೆಂಡಿರು ಹೊರಟುಹೋದ ಮೇಲೆ ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಆ ಮನೆಗೆ ಬೇಕಾದ ಫೋನನ್ನು ದುಡಿಯಲು ಹೋದ ಮಗನು ಮುನ್ನೂರೈವತ್ತು ಕಿಲೋಮೀಟರ್ ದೂರದ ಬೆಂಗಳೂರಿನ ಯಾವುದೋ ಬಡಾವಣೆಯ ಅಂಗಡಿಯಲ್ಲಿ, ತನ್ನ ಶೆಡ್ಡಿನ ಜೊತೆಗಾರರನ್ನು ಕೇಳಿ, ಕೊಂಡು, ಯುಗಾದಿಗೋ ಮೊಹರಂಗೋ ಊರ ಜಾತ್ರೆಗೋ ಬರುವಾಗ ಅರಿವೆಯ ನಡುವೆ ಸುತ್ತಿಕೊಂಡು ತರುತ್ತಾನೆ. ರಾತ್ರಿ ಊಟವಾದ ಮೇಲೆ ಮಗುವಿನ ಮುಖವನ್ನು ವಿಡಿಯೋ ಕಾಲಿನಲ್ಲಿ ನೋಡಬೇಕು. ಅದಕ್ಕಾಗಿಯೇ ಆ ಫೋನು. ಊರಿನಲ್ಲಿ ಯಾವ ಕಂಪನಿಯ ಟವರು ಸಿಗುತ್ತದೆಂಬುದು ಅಲ್ಲಿ ಬ್ರ್ಯಾಂಡಿಗಿಂತ ದೊಡ್ಡ ಪ್ರಶ್ನೆ. ಆದರೆ ಕೊಡಿಸಿದವನು ಹಬ್ಬ ಮುಗಿಸಿ ಮರಳಿ ಹೋದ ಮೇಲೆ ಅಜ್ಜ ಅಜ್ಜಿ ಕೇಳಬೇಕಾದದ್ದು ಯಾರನ್ನು? ಪಕ್ಕದ ಮನೆಯ, ಹೈಸ್ಕೂಲಿಗೆ ಹೋಗುವ ಹುಡುಗಿಯನ್ನು. ಆ ಹುಡುಗಿಗೆ ಗೊತ್ತಿರದ ಮಾದರಿಯ ಫೋನು ಎಷ್ಟು ಬೆಲೆಯದಾದರೂ ಆ ಮನೆಯಲ್ಲಿ ಮಾತು ಕಲಿಯುವುದಿಲ್ಲ.

ವ್ಯಕ್ತಿಯ ಮಾತಾಯಿತು, ಕಾಲದ ಮಾತಾಯಿತು. ಇನ್ನು ಅನಿವಾರ್ಯತೆಯ ಮಾತು. ಫೋನನ್ನು ನಾವು ಆಸೆಪಟ್ಟು ಕೊಂಡೆವೋ, ಕಾಲವೇ ನಮ್ಮಿಂದ ಕೊಳ್ಳಿಸಿತೋ?

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಅದಕ್ಕೆ ಮುನ್ನ ಒಂದು ಜಿ.ಬಿ. ಡೇಟಾಕ್ಕೆ ಇನ್ನೂರು ರೂಪಾಯಿಗೂ ಮೇಲೆ ಬೀಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಅದು ಹತ್ತಿಪ್ಪತ್ತು ರೂಪಾಯಿಯ ಆಸುಪಾಸಿಗೆ ಇಳಿಯಿತು. ಆ ಸಿಮ್ಮಿಗೆ 4ಜಿ ಫೋನೇ ಆಗಬೇಕಿದ್ದರಿಂದ ಅಷ್ಟರವರೆಗೆ ಎಲ್ಲರ ಕೈಯಲ್ಲಿದ್ದ ಮೈಕ್ರೋಮ್ಯಾಕ್ಸ್, ಕಾರ್ಬನ್‌ಗಳಂಥ ಸ್ವದೇಶಿ ಹೆಸರುಗಳ 3ಜಿ ಸೆಟ್ಟುಗಳು ಬಹುಬೇಗ ಹಿಂದೆ ಸರಿದವು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಪಾಠವೇ ಫೋನಿನೊಳಗೆ ಬಂತು. ಕುರಿ ಮಾರಿ, ಸಾಲ ಮಾಡಿ ಮಕ್ಕಳಿಗೆ ಫೋನು ಕೊಡಿಸಿದ ತಾಯ್ತಂದೆಗಳನ್ನು ನೀವೆಲ್ಲ ಬಲ್ಲಿರಿ. ಅದೇ ವರ್ಷದ ಮುಂಗಾರಿನಿಂದ ರೈತನು ತನ್ನ ಹೊಲದ ಬೆಳೆಯ ಸಮೀಕ್ಷೆಯನ್ನು ತಾನೇ ಫೋನಿನಲ್ಲಿ ದಾಖಲಿಸುವ ಏರ್ಪಾಡನ್ನೂ ಸರ್ಕಾರ ಮಾಡಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಕಾಯಕ ಬಂಧುವಿನ ಉದಾಹರಣೆ. ಉದ್ಯೋಗ ಖಾತ್ರಿಯ ಕೆಲಸದಲ್ಲಿ ಕೂಲಿಕಾರರ ಹಾಜರಿಯನ್ನು ನೋಡಿಕೊಳ್ಳುವವರಿಗೆ ನಮ್ಮ ರಾಜ್ಯದಲ್ಲಿ ಕಾಯಕ ಬಂಧುವೆಂದು ಹೆಸರು; ಆ ಕೆಲಸ ಮಾಡುವವರಲ್ಲಿ ಹೆಣ್ಣುಮಕ್ಕಳೂ ಇದ್ದಾರೆ. 2023ರ ಜನವರಿಯಿಂದ ಕೆಲಸದ ಸ್ಥಳದಲ್ಲಿಯೇ ದಿನಕ್ಕೆ ಎರಡು ಬಾರಿ ಕೂಲಿಕಾರರ ಫೋಟೋ ತೆಗೆದು ಆ್ಯಪಿಗೆ ಏರಿಸುವುದು ಕಡ್ಡಾಯವಾಯಿತು. ಬೇಸಗೆಯ ಬಿಸಿಲು, ಒಣಗಿದ ಕೆರೆಯ ಅಂಗಳ, ಮಣ್ಣು ಹೊರುತ್ತಿರುವ ನಲವತ್ತು ಐವತ್ತು ಜನ. ಪರದೆ ಬಿಸಿಲಿಗೆ ಮಂಕಾದರೆ, ಜಿ.ಪಿ.ಎಸ್. ಸ್ಥಳ ಹಿಡಿಯದಿದ್ದರೆ, ಬ್ಯಾಟರಿ ಕಾಯ್ದು ಫೋನು ಆರಿಹೋದರೆ ಅಷ್ಟೂ ಜನರ ಆ ದಿನದ ಕೂಲಿಗೆ ತೊಡಕು. ಒಳ್ಳೆಯ ಫೋನಿನ ಲಕ್ಷಣವೇನೆಂದು ಅಂಥ ಒಬ್ಬ ಕಾಯಕ ಬಂಧುವನ್ನು ಕೇಳಿ ನೋಡಿ. ಯಾವ ಜಾಹೀರಾತಿನಲ್ಲಿಯೂ ಬರದ ಉತ್ತರ ಬರುತ್ತದೆ. ಪ್ರಾಸಂಗಿಕವಾಗಿ ಒಂದು ಮಾತು: ಆಪಲ್ ಕಂಪನಿಯವರು ತಮ್ಮ ಫೋನನ್ನು 35 ಡಿಗ್ರಿಯ ಒಳಗಿನ ಉಷ್ಣತೆಯಲ್ಲಿ ಬಳಸಿರೆಂದು ಸೂಚಿಸುತ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳುಗಳು ಅವರ ಪಂಚಾಂಗದಲ್ಲಿ ಇಲ್ಲವೆಂದು ಕಾಣುತ್ತದೆ.

ಕೇಳುವ ವ್ಯಕ್ತಿ, ಕೊಳ್ಳುವ ಕಾಲ, ಒತ್ತುವ ಅನಿವಾರ್ಯತೆ: ಈ ಮೂರೂ ಆದ ಮೇಲೆಯೇ ಡಬ್ಬಿಯ ಮೇಲಿನ ಅಂಕಿಗಳ ಸರದಿ. ಅವುಗಳನ್ನು ಕುರಿತು ಬೇಗನೆ ಹೇಳಿಬಿಡುತ್ತೇನೆ. ಕ್ಯಾಮೆರಾ 50 ಮೆಗಾಪಿಕ್ಸೆಲ್ ಎಂದು ಬರೆದಿದ್ದರೂ ಅಂಥ ಫೋನುಗಳು ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತವೆ. ರ್ಯಾಮ್ 8 ಜಿ.ಬಿ. ಎಂದಿದ್ದರೆ ಕೆಳಗಿನ ಸಣ್ಣ ಅಕ್ಷರಗಳನ್ನು ಓದಿಸಿ ಕೇಳಿ. ನಾಲ್ಕು ಕೂಡಿಸು ನಾಲ್ಕು ಎಂದಿದ್ದರೆ ನಿಜವಾದ ರ್ಯಾಮ್ ನಾಲ್ಕೇ, ಉಳಿದದ್ದು ಶೇಖರಣೆಯ ಜಾಗದಿಂದ ಎರವಲು ತಂದದ್ದು. ಬೆಲೆಯಲ್ಲಿ ತೆರಿಗೆಯೂ ಸೇರಿದೆ: 2020ರಿಂದ ಮೊಬೈಲಿನ ಮೇಲೆ ಶೇಕಡಾ 18 ಜಿ.ಎಸ್.ಟಿ.; ಹತ್ತು ಸಾವಿರದ ಫೋನಿನಲ್ಲಿ ಸುಮಾರು ಒಂದೂವರೆ ಸಾವಿರ ಸರ್ಕಾರದ ಪಾಲು.

ಡಬ್ಬಿಯ ಮೇಲೆ ಬರೆಯದೆ ಬಿಟ್ಟ ಗುಣಗಳೇ ನನಗೆ ಮುಖ್ಯವೆನ್ನಿಸುತ್ತವೆ. ಎಷ್ಟು ವರ್ಷ ಅಪ್‌ಡೇಟು ಬರುತ್ತದೆ? ಇದನ್ನು ಕೇಳುವವರು ಕಡಮೆ. 2025ರ ಆರಂಭದಲ್ಲಿ ವಾಟ್ಸ್ಯಾಪ್ ಬಹು ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ನಿಂತುಹೋಯಿತೆಂಬುದನ್ನು ನೆನಪಿಡಿ. ಯಂತ್ರ ಕೆಡದಿದ್ದರೂ ಫೋನು ಮುಪ್ಪಾಗಬಲ್ಲುದು. ಮೈಕು ಹೇಗಿದೆ? 2017ರ ಆಗಸ್ಟಿನಿಂದ ಗೂಗಲ್ ಕನ್ನಡದ ಮಾತನ್ನು ಕೇಳಿ ಅಕ್ಷರಕ್ಕಿಳಿಸುತ್ತಿದೆ. ಓದುಬರಹ ಬಾರದ ತಾಯಿ ಈಗ ಫೋನಿಗೆ ಬಾಯಲ್ಲೇ ಹೇಳಿ ಬೇಕಾದ ಹಾಡನ್ನು ತರಿಸಿಕೊಳ್ಳುತ್ತಾಳೆ. ಆಕೆಗೆ ಮೈಕು ಕ್ಯಾಮೆರಾಕ್ಕಿಂತ ಬೆಲೆಯುಳ್ಳದ್ದು. ಅಂಗಡಿಯಲ್ಲಿಯೇ, ಸಂತೆಯ ಗದ್ದಲದ ನಡುವೆಯೇ, ಆಕೆಯಿಂದಲೇ ಎರಡು ಮಾತು ಆಡಿಸಿ ನೋಡಿ. ಇನ್ನೊಂದನ್ನು ಹೇಳುವುದು ಆಕಾಶವಾಣಿಯಿಂದ ಮಾತನಾಡುವವನ ಸ್ವಾರ್ಥವೆಂದು ತಿಳಿದರೂ ಚಿಂತೆಯಿಲ್ಲ: ಎಫ್.ಎಂ. ರೇಡಿಯೋ ಇದೆಯೇ ಎಂದು ಕೇಳಿ. ಬಹಳ ಫೋನುಗಳಲ್ಲಿ ಕಂಪನಿಗಳು ಅದನ್ನು ಬಿಟ್ಟುಬಿಟ್ಟವು. ಸೇರಿಸಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ಸಲಹೆ ಮಾಡಬೇಕಾಯಿತು. ಡೇಟಾ ಮುಗಿದರೂ ರೇಡಿಯೋ ಮುಗಿಯುವುದಿಲ್ಲ. ಇಯರ್‌ಫೋನಿನ ತಂತಿಯೊಂದು ಬೇಕು, ಅಷ್ಟೆ.

ಇನ್ನು ಕಂತು. ಕೈಯಲ್ಲಿ ಹತ್ತು ಸಾವಿರವಿರುವವನು ಹದಿನೆಂಟು ಸಾವಿರದ ಫೋನು ಹಿಡಿದು ಹೊರಬರುವ ಚಮತ್ಕಾರದ ಹೆಸರು ಇ.ಎಂ.ಐ. ಗಿಣಿಗೇರಿಯ ಸುತ್ತಲಿನ ಕಾರ್ಖಾನೆಗಳಲ್ಲಿ ತಿಂಗಳ ಸಂಬಳ ಬರುವ ತರುಣನಿಗೆ ಇದು ಅನುಕೂಲವೇ. ಬಡ್ಡಿಯಿಲ್ಲವೆಂದರೂ ಪ್ರೊಸೆಸಿಂಗ್ ಶುಲ್ಕ ಎಷ್ಟು, ನಗದು ಕೊಟ್ಟರೆ ಎಷ್ಟು ಕಡಮೆಯಾಗುತ್ತಿತ್ತು ಎಂಬೆರಡು ಪ್ರಶ್ನೆಗಳನ್ನು ಆತನು ಕೇಳಿದರಾಯಿತು. ಸುಗ್ಗಿಗೊಮ್ಮೆ ಹಣ ಕಾಣುವವನ ಸ್ಥಿತಿ ಹಾಗಲ್ಲ. ಒಂದು ಕಂತು ತಪ್ಪಿದರೆ ಸಿಬಿಲ್ ಕೆಡುತ್ತದೆ. ಮುಂದೆ ಬೆಳೆಸಾಲಕ್ಕೆ ಬ್ಯಾಂಕಿನ ಬಾಗಿಲಿಗೆ ಹೋದಾಗ ಫೋನಿನ ಲೆಕ್ಕವೇ ಎದುರು ಬಂದು ನಿಂತೀತು. ಇಲ್ಲಿ ಅಳಿಯನನ್ನಲ್ಲ, ಸೊಸೈಟಿಯ ಲೆಕ್ಕ ಬಲ್ಲ ಹಿರಿಯರೊಬ್ಬರನ್ನು ಕೇಳುವುದು ಮೇಲು.

ಕೊಂಡ ಫೋನಿನ ಪ್ರಯಾಣ ಅಲ್ಲಿಗೆ ನಿಲ್ಲುವುದಿಲ್ಲ. ಹೊಸದು ಮಗನಿಗೆ, ಮಗನ ಹಳೆಯದು ತಂದೆಗೆ, ತಂದೆಯ ಗೀರುಬಿದ್ದದ್ದು ತಾಯಿಗೆ. ಬಹುಕಾಲ ನಮ್ಮ ಮನೆಗಳಲ್ಲಿ ಹೆಣ್ಣಿಗೆ ಫೋನು ಬಂದದ್ದು ಹೀಗೆ, ಆಯ್ಕೆಯ ಮಾತೇ ಇಲ್ಲದೆ. 2023ರ ಆಗಸ್ಟ್ ಕೊನೆಗೆ ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ತಿಂಗಳಿಗೆ ಎರಡು ಸಾವಿರ ರೂಪಾಯಿ ಮನೆಯೊಡತಿಯ ಖಾತೆಗೇ ಜಮೆಯಾಗತೊಡಗಿದ ಮೇಲೆ ಆ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾಗಿದೆ. ಹಣ ಬಂದ ಮೆಸೇಜು ಗಂಡನ ಫೋನಿಗೆ ಹೋಗಬಾರದೆಂಬ ಒಂದೇ ಕಾರಣಕ್ಕೆ ಸ್ವಂತ ಫೋನು ಬಯಸುವವಳು ಆಕೆ. ಆಕೆ ಕಾಲೇಜಿನ ಹುಡುಗನನ್ನು ಕೇಳುವುದಿಲ್ಲ. ಸಂಘದ ಸಭೆಯಲ್ಲಿ ಪಕ್ಕದಲ್ಲಿ ಕುಳಿತವಳ ಫೋನನ್ನು ಇಸಿದುಕೊಂಡು ನೋಡುತ್ತಾಳೆ. ‘ಯಕ್ಕಾ, ಚಾರ್ಜ್ ಎಷ್ಟೊತ್ತು ನಿಲ್ಲತೈತಿ?’ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನರಿಯೆ.

ಕಡೆಯದಾಗಿ, ಮನೆಯ ಹೊರಗಿನಿಂದ ಬರುವ ಹಳೆಯ ಫೋನು, ಅಂದರೆ ಸೆಕೆಂಡ್ ಹ್ಯಾಂಡ್ ಮಾಲು. ಇದುವರೆಗೆ ಹೇಳಿದ ನಂಬಿಕೆಯ ಸರಪಳಿ ಇಲ್ಲಿ ಕಡಿದುಹೋಗುತ್ತದೆ. ಮಾರುವವನಿಗೆ ಅದರ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇಂಥ ಪೇಟೆಯಲ್ಲಿ ಒಳ್ಳೆಯ ಮಾಲು ಹಿಂದೆ ಸರಿದು ಕೆಟ್ಟದ್ದೇ ಉಳಿಯುತ್ತದೆಂದು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ನಿದರ್ಶನ ಕೊಟ್ಟು ವಿವರಿಸಿದರು. ಫೋನಿಗಾದರೋ ಇನ್ನೊಂದು ಭಯವುಂಟು, ಕಳವಿನ ಮಾಲಾಗಿರಬಹುದು. ಕೇಳಲು ಅಳಿಯನೂ ಇಲ್ಲ, ಅಕ್ಕನೂ ಇಲ್ಲದ ಈ ಸಂದರ್ಭದಲ್ಲಿ ಸರ್ಕಾರವನ್ನೇ ಕೇಳಬಹುದು. ಬರೆದುಕೊಳ್ಳುವವರು ಬರೆದುಕೊಳ್ಳಿ. ಆ ಫೋನಿನಲ್ಲಿಯೇ ನಕ್ಷತ್ರದ ಗುರುತು, ಹ್ಯಾಶ್ ಗುರುತು, ಸೊನ್ನೆ, ಆರು, ಮತ್ತೆ ಹ್ಯಾಶ್ ಗುರುತು ಒತ್ತಿರಿ. 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ ಕಾಣುತ್ತದೆ. ನಿಮ್ಮ ಫೋನಿನಿಂದ ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ 15 ಅಂಕಿಗಳನ್ನು ಸೇರಿಸಿ 14422ಕ್ಕೆ ಮೆಸೇಜು ಕಳುಹಿಸಿ. ಸಂಖ್ಯೆ ಕಪ್ಪುಪಟ್ಟಿಯಲ್ಲಿದೆ, ನಕಲಿಯಾಗಿದೆ, ಅಥವಾ ಬೇರೆ ಕಡೆ ಬಳಕೆಯಲ್ಲಿದೆ ಎಂದು ಉತ್ತರ ಬಂದರೆ ಆ ಫೋನನ್ನು ಅಲ್ಲಿಯೇ ಬಿಟ್ಟುಬನ್ನಿ. ಮತ್ತೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಎರಡು, ಎರಡು. ಉತ್ತರ ಬರುವವರೆಗೆ ರೊಕ್ಕ ಕೊಡಬೇಡಿ.